ಕುರ್ಚಿ ಯಾರದ್ದು?

ಹೋದ ಭಾನುವಾರ ಮಗನ ಸ್ನೇಹಿತರು ಮನೆಗೆ ಬಂದಿದ್ರು. ಎಲ್ಲರಿಗೂ ಮೂವತ್ತೇಳು ಮೂವತ್ತೆಂಟು ದಾಟಿದೆ, ತಲೆಗೂದಲು ಹಿಂದೆ ಸರಿದಿದೆ, ಹೊಟ್ಟೆ ಮುಂದೆ ಬಂದಿದೆ. ಕಾಫಿ ಲೋಟ ಕೈಗೆ ಸಿಕ್ಕಿದ್ದೇ ತಡ, ಶುರು ಹಚ್ಕೊಂಡ್ರು ನೋಡಿ, ಹಳೇ ಯುದ್ಧದ ಆಟಗಳ ಪುರಾಣ. ಏಜ್ ಆಫ್ ಎಂಪೈರ್ಸ್ ಅಂತೆ, ರೆಡ್ ಅಲರ್ಟ್ ಅಂತೆ. ಅವನ್ನ ಮಾಡಿದ ಕಂಪನಿಗಳ ಬಗ್ಗೆ ಅಂತೂ ಮನೇಲಿ ಸೂತಕ ಆದ ಹಾಗೆ ಮಾತು. ವೆಸ್ಟ್‌ವುಡ್‌ನವರನ್ನ 2003ರಲ್ಲಿ ಮುಚ್ಚಿಬಿಟ್ರಂತೆ, ಎನ್‌ಸೆಂಬಲ್‌ನವರನ್ನ 2009ರಲ್ಲಿ. "ಆ ಕಾಲ ಎಷ್ಟು ಚೆನ್ನಾಗಿತ್ತು ಅಲ್ವಾ ಆಂಟಿ?" ಅಂತ ನನ್ನನ್ನೂ ಕೇಳಿದ್ರು.

ಚೆನ್ನಾಗಿತ್ತಪ್ಪ, ನಿಮಗೆ ಚೆನ್ನಾಗಿತ್ತು. ಇದನ್ನ ಅವರ ಮುಂದೆ ಹೇಳಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ನಮ್ಮನೇಲಿ ಎಸ್‌ಪಿ ರೋಡಿನಲ್ಲಿ ಜೋಡಿಸಿ ತಂದ ಕಂಪ್ಯೂಟರ್ ಇತ್ತು. ಅದಕ್ಕೆ ಪ್ಲಾಸ್ಟಿಕ್ ಹೊದಿಕೆ, ವಾರಕ್ಕೊಂದ್ಸಲ ಅರಿಶಿನ ಕುಂಕುಮ. ಅದರ ಮುಂದೆ ಒಂದೇ ಕುರ್ಚಿ. ಕುರ್ಚಿ ಮೇಲೆ ಮಗ, ಕುರ್ಚಿ ಹಿಂದೆ ಮಗಳು. ಅವಳು ನಿಂತ್ಕೊಂಡೇ ನೋಡ್ತಿದ್ಲು. "ಅಣ್ಣಾ ಅಲ್ಲಿ ಚಿನ್ನ ಇದೆ, ಈ ಕಡೆಯಿಂದ ಶತ್ರು ಬರ್ತಿದಾನೆ" ಅಂತ ಹೇಳಿಕೊಡ್ತಿದ್ಲು. ಅವಳ ಸರದಿ ಬರೋ ಹೊತ್ತಿಗೆ ಸರಿಯಾಗಿ ನಾನು ಅಡುಗೆಮನೆಯಿಂದ ಕೂಗ್ತಿದ್ದೆ, "ಬಾರೇ, ಅವರೆಕಾಯಿ ಸುಲಿಬೇಕು, ಹಿತಕಿದ ಬೇಳೆ ಹುಳಿ ಮಾಡ್ಬೇಕು." ಅವನನ್ನ ಒಂದು ದಿನವೂ ಕೂಗಲಿಲ್ಲ. ಬೇರೆ ಯಾರ ತಪ್ಪೂ ಅಲ್ಲ, ನನ್ನದೇ.

ಈಗ ತಮಾಷೆ ಕೇಳಿ. 1997ರಲ್ಲಿ ಬಂದ ಮೊದಲನೇ ಏಜ್ ಆಫ್ ಎಂಪೈರ್ಸ್‌ನಲ್ಲಿ ಊರಿನ ಕೆಲಸಗಾರರೆಲ್ಲ ಗಂಡಸರೇ. 1999ರಲ್ಲಿ ಎರಡನೇದು ಬಂತು, ಅದರಲ್ಲಿ ಹೆಂಗಸರೂ ಇದ್ರು. ಹಣ್ಣು ಕೀಳ್ತಾರೆ, ಮರ ಕಡೀತಾರೆ, ಚಿನ್ನ ಅಗೀತಾರೆ, ಕೋಟೆ ಕಟ್ತಾರೆ. ಫ್ರಾನ್ಸಿನ ಜೋನ್ ಆಫ್ ಆರ್ಕ್ ಕಥೆಯೇ ಒಂದು ದೊಡ್ಡ ಆಟ ಅದರಲ್ಲಿ. ಪರದೆ ಒಳಗೆ ಹೆಣ್ಣು ದಂಡು ನಡೆಸ್ತಿದ್ಲು, ಪರದೆ ಹೊರಗೆ ನನ್ನ ಮಗಳು ಅವರೆಕಾಯಿ ಸುಲೀತಿದ್ಲು!

"ಹೊಡೆದಾಟದ ಆಟ ಹೆಣ್ಮಕ್ಳಿಗೆ ಯಾಕೆ?" ಅಂತೀರಾ? ನಮ್ಮತ್ತೆನೂ ಹಾಗೇ ಅಂತಿದ್ರು. ಆದ್ರೆ ಅವರೇ ಮಧ್ಯಾಹ್ನ ಹಜಾರದಲ್ಲಿ ಚೌಕಾಬಾರದ ಮನೆ ಬರೆದು, ನಾಲ್ಕು ಕವಡೆ ಹಾಕಿ, "ಹೊಡಿ ಅವಳ ಕಾಯಿ, ಬಿಡಬೇಡ" ಅಂತ ಓರಗಿತ್ತಿ ಮೇಲೆ ಬೀಳೋರು. ಅದು ಯುದ್ಧ ಅಲ್ವಾ? ಹುಲಿ-ಕುರಿ ಆಟ ಯುದ್ಧ ಅಲ್ವಾ? ಪಗಡೆಯಿಂದಲೇ ಮಹಾಭಾರತ ಹೊತ್ಕೊಂಡಿದ್ದು. ನಮ್ಮ ಮೈಸೂರು ಸೀಮೆಗೆ ಆಟ ಅಂದ್ರೆ ತಲೆಹರಟೆ ಆಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೇ ಅಂತ ಕೌತುಕನಿಧಿ ಅನ್ನೋ ಭಾಗ ಇದೆ. ಮಣೆ ಮೇಲೆ ಆಡಿದ್ರೆ ಸಂಪ್ರದಾಯ, ಪರದೆ ಮೇಲೆ ಆಡಿದ್ರೆ ಗಂಡುಬೀರಿತನ ಅನ್ನೋದು ಯಾವ ನ್ಯಾಯ?

ಬಾಗಿಲಲ್ಲಿ ನಿಂತು ನಾನೂ ನೋಡಿದೀನಿ ಕಣ್ರೀ. ಅದು ಬರೀ ಹೊಡೆದಾಟ ಅಲ್ಲ, ಮುಕ್ಕಾಲುಪಾಲು ಸಂಸಾರ. ಆಹಾರ, ಮರ, ಚಿನ್ನ, ಕಲ್ಲು, ನಾಲ್ಕನ್ನೂ ತೂಗಿಸ್ಬೇಕು. 50 ಆಹಾರ ಖರ್ಚು ಮಾಡಿದ್ರೆ ಒಬ್ಬ ಕೆಲಸಗಾರ ಬರ್ತಾನೆ. ಹೊಲ ಉಳೋರಿಲ್ದೆ ಸೈನ್ಯ ಕಟ್ಟೋಕೆ ಹೋದವನು ಸೋತ ಅಂತಲೇ ಲೆಕ್ಕ. ತಿಂಗಳ ಸಂಬಳದಲ್ಲಿ ಹಾಲು, ರೇಷನ್ನು, ಸ್ಕೂಲ್ ಫೀಸು ಸರಿದೂಗಿಸಿದ ನಮಗೆ ಆ ಲೆಕ್ಕ ಹೊಸದಾ? ಮೊದಲನೇ ಆಟದಲ್ಲಿ ಹುಡುಗರು "ಪೆಪೆರೋನಿ ಪಿಜ್ಜಾ" ಅಂತ ಕಳ್ಳ ಮಂತ್ರ ಒತ್ತಿದ್ರೆ ಒಂದೇ ಸಲಕ್ಕೆ 1000 ಆಹಾರ ಬರ್ತಿತ್ತು. ನಮ್ಮ ಅಡುಗೆಮನೆಗೆ ಅಂಥ ಮಂತ್ರ ಯಾರೂ ಕೊಡಲಿಲ್ಲ.

ಕಣ್ಣು ಹಾಳಾಗುತ್ತೆ ಅಂತ ಇನ್ನೊಂದು ಮಾತು. ಹಾಳಾಗೋದಾದ್ರೆ ಗಂಡುಹುಡುಗನ ಕಣ್ಣೂ ಹಾಳಾಗ್ಬೇಕಲ್ಲ? ದುಡ್ಡು ಹೋಗುತ್ತೆ ಅನ್ನೋ ಮಾತನ್ನ ಮಾತ್ರ ಒಪ್ತೀನಿ, ಆದ್ರೆ ಅದು ಈಗಿನ ಫೋನ್ ಆಟಗಳಿಗೆ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಲ್ಸೋಕೆ ಕೇಂದ್ರ ಸರ್ಕಾರ 2025ರಲ್ಲಿ ಕಾಯಿದೆನೇ ತರಬೇಕಾಯ್ತು. ಹಳೇ ಆಟ ಹಾಗಲ್ಲ. ಒಂದ್ಸಲ ಸೀಡಿ ತಂದ್ರೆ ಮುಗೀತು, ಸೋತ್ರೂ ಜೇಬಿಗೆ ಕೈ ಹಾಕ್ತಿರಲಿಲ್ಲ. ಎರಡನ್ನೂ ಒಂದೇ ತಕ್ಕಡೀಲಿ ಹಾಕಬೇಡಿ.

ಇನ್ನೊಂದು ವಿಷಯ ನನ್ನನ್ನ ಚುಚ್ಚುತ್ತೆ. ಮೊದಲನೇ ಏಜ್ ಆಫ್ ಎಂಪೈರ್ಸ್ ಬಂದ ಅದೇ 1997ರಲ್ಲಿ ನಮ್ಮ ಬೆಂಗಳೂರಲ್ಲೇ ಧ್ರುವ ಇಂಟರಾಕ್ಟಿವ್ ಅಂತ ಆಟ ತಯಾರಿಸೋ ಕಂಪನಿ ಶುರುವಾಯ್ತು. ನಾವು ತಲೆಹರಟೆ ಅಂದುಕೊಂಡಿದ್ದು ಇದೇ ಊರಲ್ಲಿ ಎಷ್ಟೋ ಜನಕ್ಕೆ ಅನ್ನ ಕೊಡ್ತು. ನನ್ನ ಮಗಳು ಅಲ್ಲಿಗೆ ಹೋಗ್ತಿದ್ಲು ಅಂತ ನಾನು ಹೇಳ್ತಿಲ್ಲ. ಹೋಗ್ಬೇಕಾ ಬೇಡ್ವಾ ಅಂತ ಯೋಚನೆ ಮಾಡೋಕಾದ್ರೂ ಆ ಕುರ್ಚಿ ಮೇಲೆ ಕೂರಬೇಕಿತ್ತಲ್ಲ, ಅದನ್ನ ಹೇಳ್ತಿದೀನಿ.

ಮಗನ ಸ್ನೇಹಿತರು ಹೋದ ಮೇಲೆ ಅವಳಿಗೆ ಫೋನ್ ಮಾಡಿದ್ದೆ. ನಕ್ಕಳು. "ಅಮ್ಮಾ, ಆ ಆಟ ಪೂರ್ತಿ ನಂಗೆ ಬಾಯಿಪಾಠ. ಆದ್ರೆ ಒಂದ್ಸಲನೂ ಕೂತು ಮುಗಿಸಿಲ್ಲ ಅಷ್ಟೆ," ಅಂದ್ಲು. ಬೇಜಾರಿಂದ ಹೇಳಲಿಲ್ಲ ಅವಳು, ಸುಮ್ನೆ ಹೇಳಿದ್ಲು. ನಂಗೆ ಮಾತ್ರ ರಾತ್ರಿ ನಿದ್ದೆ ಹತ್ತಲಿಲ್ಲ.

ಹಳೇ ಆಟಗಳಿಗೆ ಈಗ ಹೊಸ ಬಣ್ಣ ಬಳಿದು ಮತ್ತೆ ಮಾರ್ತಿದಾರೆ. ಎರಡನೇ ಏಜ್ ಆಫ್ ಎಂಪೈರ್ಸ್ 2019ರಲ್ಲಿ ಹೊಸದಾಗಿ ಬಂತು, 2022ರಲ್ಲಿ ಅದಕ್ಕೆ ದ್ರಾವಿಡರೂ ರಾಜೇಂದ್ರ ಚೋಳನೂ ಸೇರಿದ್ರು. ಗಂಡುಮಕ್ಕಳು ಕಣ್ಣೀರು ಒರೆಸ್ಕೊಂಡು ಕೊಳ್ತಿದಾರೆ, ಕೊಳ್ಳಲಿ. ಆದ್ರೆ ಅತ್ತಿಗೆ, ಸರೋಜಕ್ಕ, ಪಕ್ಕದ್ಮನೆ ಮಾಮಿ, ನಿಮಗೆಲ್ಲ ಒಂದೇ ಮಾತು. ನಿಮ್ಮ ಮನೇಲಿ ಮೊಮ್ಮಗಳು ಕುರ್ಚಿ ಹಿಂದೆ ನಿಂತಿದ್ರೆ ಅವಳನ್ನ ಕೂರಿಸಿ. ಅವಳು ಆಡ್ತಿರೋ ಹೊತ್ತಲ್ಲಿ ಅಡುಗೆಮನೆಗೆ ಕೂಗಬೇಡಿ.

ಅವರೆಕಾಯಿಗೆ ಮೊಮ್ಮಗನ್ನ ಕೂಗಿ. ಅವನಿಗೂ ಹತ್ತು ಬೆರಳಿದೆ.