ಬಾಗಿಲು ತೆರೆದೇ ಇದೆಯಂತೆ, ನೂಕಬೇಕಂತೆ!



ಮೊನ್ನೆ ಭಾನುವಾರ ನಮ್ಮ ಅಂಬೇಡ್ಕರ್ ಜಯಂತಿ ಸಮಿತಿಯ ಸಭೆ ಇತ್ತು. ಎಂದಿನಂತೆ ಯುವಕರಿಗೆ ಕಬಡ್ಡಿ ಪಂದ್ಯಾವಳಿ. ಮೊದಲ ಬಹುಮಾನ 20 ಸಾವಿರ, ಜೊತೆಗೆ ಸೊಂಟದೆತ್ತರದ ಟ್ರೋಫಿ. ಹೆಣ್ಣುಮಕ್ಕಳಿಗೆ ರಂಗೋಲಿ, ಮ್ಯೂಸಿಕಲ್ ಚೇರ್. ಗೆದ್ದವರಿಗೆ ಸ್ಟೀಲ್ ಡಬ್ಬಿ. ಹಿಂದೆ ಕೂತಿದ್ದ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು, "ನಮಗೂ ಕಬಡ್ಡಿ ಇಡಿ ಅಣ್ಣಾ" ಅಂದಳು. ಹಿರಿಯರೊಬ್ಬರು ನಗುತ್ತಲೇ ಉತ್ತರ ಕೊಟ್ಟರು: "ಯಾರವ್ವ ಬೇಡ ಅಂದೋರು? ತಂಡ ಕಟ್ಕೊಂಡ್ ಬನ್ನಿ, ಆಡ್ಸೋಣ. ಆದ್ರೆ ಬಹುಮಾನಕ್ಕೆ ಈ ಸಲ ದುಡ್ಡಿಲ್ಲ."

ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ಹುಡುಗಿ ಸುಮ್ಮನೆ ಕೂತಳು.

ಮನೆಗೆ ಬಂದ ಮೇಲೆ ಈ ಮಾತು ಎಲ್ಲೋ ಕೇಳಿದೀನಲ್ಲ ಅನ್ನಿಸ್ತು. ಆಮೇಲೆ ನೆನಪಾಯ್ತು. 2023ರ ಆಗಸ್ಟ್, ಸಿಡ್ನಿ. ಮಹಿಳಾ ಫುಟ್‌ಬಾಲ್ ವಿಶ್ವಕಪ್ ಫೈನಲ್‌ಗೆ ಎರಡು ದಿನ ಮುಂಚೆ ಫಿಫಾ ಅಧ್ಯಕ್ಷ ಜಿಯಾನಿ ಇನ್ಫಾಂಟಿನೊ ಹೆಂಗಸರಿಗೆ ಬುದ್ಧಿವಾದ ಹೇಳಿದ್ದರು. ಬದಲಾವಣೆ ತರೋ ಶಕ್ತಿ ನಿಮ್ಮಲ್ಲೇ ಇದೆ, ಸರಿಯಾದ ಹೋರಾಟ ಆರಿಸಿಕೊಳ್ಳಿ, ಗಂಡಸರಾದ ನಮಗೆ ಮನವರಿಕೆ ಮಾಡಿಕೊಡಿ, ಬಾಗಿಲು ತೆರೆದೇ ಇದೆ, ನೂಕಿದರೆ ಸಾಕು ಅನ್ನೋದು ಅವರ ಮಾತಿನ ಸಾರ. ಆ ವರ್ಷ ನಾನು ಅದನ್ನು ಓದಿ ಸಿಟ್ಟಾಗಿದ್ದೆ. ಅದೇ ಮಾತು ನಮ್ಮ ಸಭೆಯಲ್ಲಿ ಬಂದಾಗ ತಲೆ ಆಡಿಸಿದೆ!

ತೆರೆದ ಬಾಗಿಲ ಕಥೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸಾರ್ವಜನಿಕ ಕೆರೆ, ಬಾವಿ ಅಸ್ಪೃಶ್ಯರಿಗೂ ಮುಕ್ತ ಅಂತ ಮುಂಬೈ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. 1924ರಲ್ಲಿ ಮಹಾಡ್ ಪುರಸಭೆಯೂ ಚೌದಾರ್ ಕೆರೆ ಎಲ್ಲರದು ಅಂತ ಬರೆದುಕೊಂಡಿತು. ಕಾಗದದ ಮೇಲೆ ಬಾಗಿಲು ತೆರೆದಿತ್ತು. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಸಾವಿರಾರು ಜನರ ಜೊತೆ ಹೋಗಿ ನೀರು ಮುಟ್ಟಿದರು. ಏನಾಯ್ತು? ನಮ್ಮವರ ಮೇಲೆ ಹಲ್ಲೆ ಆಯ್ತು, ಕೆರೆಗೆ 'ಶುದ್ಧಿ' ಆಯ್ತು, ಅದೇ ವರ್ಷ ಪುರಸಭೆ ತನ್ನ ನಿರ್ಣಯವನ್ನೇ ವಾಪಸ್ ತಗೊಂಡಿತು. ಅಂದ್ರೆ, ಯಾರೂ ಬರದೇ ಇರೋವರೆಗೆ ಮಾತ್ರ ಆ ಬಾಗಿಲು ತೆರೆದಿತ್ತು.

ಜಾತಿ, ಲಿಂಗ ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಅಸ್ಪೃಶ್ಯತೆಗೆ ಹೋಲಿಕೆ ಅಸ್ಪೃಶ್ಯತೆಯೇ. ಆದರೆ ಬಾಗಿಲು ಕಾಯೋರ ಬುದ್ಧಿ ಎಲ್ಲಾ ಕಡೆ ಒಂದೇ ಥರ.

ಇಂಗ್ಲೆಂಡಿನ ಕಥೆ ನೋಡಿ. ಪ್ರೆಸ್ಟನ್ ಊರಿನ ಡಿಕ್ ಕೆರ್ ಕಾರ್ಖಾನೆಯ ಕೂಲಿ ಹೆಣ್ಣುಮಕ್ಕಳು ಮೊದಲ ಮಹಾಯುದ್ಧದ ಕಾಲದಲ್ಲಿ ಫುಟ್‌ಬಾಲ್ ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಅವರ ಆಟ ನೋಡಲು 53 ಸಾವಿರ ಜನ ಸೇರಿದ್ದರು. ಜಾಗ ಸಿಗದೆ ಹೊರಗೆ ನಿಂತವರು ಬೇರೆ. ಒಂದು ವರ್ಷ ಆಗೋದರೊಳಗೆ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಅಂತ ಹೇಳಿ, ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿಸಿತು. ಆ ನಿಷೇಧ ಸುಮಾರು ಐವತ್ತು ವರ್ಷ ಇತ್ತು. 2027ರ ಮಹಿಳಾ ವಿಶ್ವಕಪ್ ನಡೆಸಲಿರುವ ಬ್ರೆಜಿಲ್‌ನಲ್ಲಂತೂ 1941ರಿಂದ 1979ರವರೆಗೆ ಹೆಂಗಸರು ಫುಟ್‌ಬಾಲ್ ಆಡೋದು ಕಾನೂನಿನ ಪ್ರಕಾರವೇ ನಿಷಿದ್ಧ.

ಈಗ ಕೆಲವರು, "ಹೆಂಗಸರ ಆಟ ಯಾರು ನೋಡ್ತಾರೆ, ಮಾರ್ಕೆಟ್ ಇಲ್ಲ" ಅಂತಾರೆ. ಅಂಗಡಿಗೆ ಐವತ್ತು ವರ್ಷ ಬೀಗ ಹಾಕಿ, ಆಮೇಲೆ ವ್ಯಾಪಾರ ಇಲ್ಲ ಅಂತ ಬೈದ ಹಾಗೆ.

ಲೆಕ್ಕಕ್ಕೆ ಬರೋಣ. ನಾನು ಗುಮಾಸ್ತ, ಲೆಕ್ಕ ನೋಡದೆ ನಿದ್ದೆ ಬರಲ್ಲ. 2022ರ ಕತಾರ್ ಪುರುಷರ ವಿಶ್ವಕಪ್‌ಗೆ ಒಟ್ಟು ಬಹುಮಾನ 44 ಕೋಟಿ ಡಾಲರ್. ಮರುವರ್ಷ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಅಷ್ಟೇ ಸಂಖ್ಯೆಯ, ಅಂದರೆ 32 ತಂಡಗಳು ಆಡಿದ ಮಹಿಳಾ ವಿಶ್ವಕಪ್‌ಗೆ 11 ಕೋಟಿ ಡಾಲರ್. ಕಾಲು ಭಾಗ. 2019ರಲ್ಲಿ ಇದ್ದದ್ದು 3 ಕೋಟಿ, ಆದ್ದರಿಂದ ಇದು ದೊಡ್ಡ ಏರಿಕೆ ಅನ್ನೋದೂ ನಿಜ. ಗಂಡಸರ ಆಟ ತರೋ ಆದಾಯ ಜಾಸ್ತಿ ಅನ್ನೋದೂ ನಿಜ. ಆದರೆ ಅಲ್ಲಿವರೆಗೆ ಮಹಿಳಾ ವಿಶ್ವಕಪ್‌ನ ಪ್ರಸಾರ ಹಕ್ಕನ್ನು ಪುರುಷರ ವಿಶ್ವಕಪ್ ಜೊತೆ ಕೊಸರಿನ ಹಾಗೆ ಸೇರಿಸಿ ಕೊಡ್ತಿದ್ದರು. ತರಕಾರಿ ತಗೊಂಡರೆ ಕೊತ್ತಂಬರಿ ಸೊಪ್ಪು ಕೊಟ್ಟ ಹಾಗೆ. ಕೊಸರಿಗೆ ರೇಟು ಕಟ್ಟೋರು ಯಾರು? 2023ರಲ್ಲಿ ಮೊದಲ ಸಲ ಬೇರೆಯಾಗಿ ಮಾರಿದರು. ಆ ಟೂರ್ನಿ 57 ಕೋಟಿ ಡಾಲರಿಗೂ ಹೆಚ್ಚು ಆದಾಯ ತಂದು ಖರ್ಚು ಸರಿದೂಗಿಸಿತು ಅಂತ ಬಾಗಿಲ ಮಾತಾಡಿದ ಅದೇ ಇನ್ಫಾಂಟಿನೊ ಹೇಳಿದರು. ಆಸ್ಟ್ರೇಲಿಯಾದಲ್ಲಿ ಅವರ ಹುಡುಗಿಯರ ಸೆಮಿಫೈನಲ್ಲನ್ನು ಟಿವಿಯಲ್ಲಿ ಒಂದು ಕೋಟಿಗೂ ಹೆಚ್ಚು ಜನ ನೋಡಿದರು. ಆ ದೇಶದ ಜನಸಂಖ್ಯೆಯೇ ಎರಡೂವರೆ ಕೋಟಿ ಚಿಲ್ಲರೆ.

ಅಷ್ಟು ದುಡ್ಡು ಹುಟ್ಟಿಸಿದ ಆಟಗಾರ್ತಿಯರ ಪಾಡು ಕೇಳಿ.

ಜಮೈಕಾ. ಗುಲಾಮರಾಗಿ ಹಡಗಲ್ಲಿ ಬಂದವರ ಮೊಮ್ಮಕ್ಕಳ ದೇಶ. ದುಡ್ಡಿಲ್ಲದೆ ಅಲ್ಲಿ ಮಹಿಳಾ ತಂಡವೇ ನಿಂತುಹೋಗಿತ್ತು. 2014ರಲ್ಲಿ ಬಾಬ್ ಮಾರ್ಲಿಯ ಮಗಳು ಸೆಡೆಲ್ಲಾ ಮಾರ್ಲಿ, ತನ್ನ ಮಗ ಶಾಲೆಯಿಂದ ತಂದ ಒಂದು ಚೀಟಿಯಲ್ಲಿ ಇದನ್ನು ಓದಿ ಬೆನ್ನಿಗೆ ನಿಂತರು. 2019ರಲ್ಲಿ ಮಹಿಳಾ ವಿಶ್ವಕಪ್ ತಲುಪಿದ ಮೊದಲ ಕೆರಿಬಿಯನ್ ತಂಡ ಅದು. 2023ರಲ್ಲಿ ಮತ್ತೆ ಹಳೇ ಪಾಡು. ತರಬೇತಿ, ವಸತಿ, ಪ್ರಯಾಣ, ಸಂಬಳ ಯಾವುದೂ ನೆಟ್ಟಗಿಲ್ಲ ಅಂತ ಆಟಗಾರ್ತಿಯರೇ ಬಹಿರಂಗ ಪತ್ರ ಬರೆದರು. ಆಟಗಾರ್ತಿಯೊಬ್ಬಳ ತಾಯಿ ಇಂಟರ್ನೆಟ್ಟಿನಲ್ಲಿ ಚಂದಾ ಎತ್ತಿದರು. ಚಂದಾ ಎತ್ತಿ ಹೋದ ಆ ತಂಡ ಫ್ರಾನ್ಸ್ ಜೊತೆ 0-0, ಪನಾಮ ಮೇಲೆ 1-0, ಬ್ರೆಜಿಲ್ ಜೊತೆ 0-0. ಮೂರು ಪಂದ್ಯದಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಬ್ರೆಜಿಲ್ಲನ್ನೇ ಮನೆಗೆ ಕಳಿಸಿ ಹದಿನಾರರ ಘಟ್ಟಕ್ಕೆ ಹೋಯಿತು. ಬರೇ ಚಂದಾ ದುಡ್ಡಿಗೆ ಇಷ್ಟು ಅಂದ್ರೆ, ನ್ಯಾಯವಾಗಿ ಕೊಟ್ಟಿದ್ದರೆ?

ದಕ್ಷಿಣ ಆಫ್ರಿಕಾ. ಆಗ ಆಫ್ರಿಕಾ ಖಂಡದ ಚಾಂಪಿಯನ್ನರಾಗಿದ್ದರು. ವಿಶ್ವಕಪ್‌ಗೆ ಕೆಲವೇ ದಿನ ಮುಂಚೆ, ಕೆಟ್ಟ ಮೈದಾನ ಮತ್ತು ಹಣದ ವಿಷಯಕ್ಕೆ, ಬೋಟ್ಸ್ವಾನ ವಿರುದ್ಧದ ಪಂದ್ಯ ಆಡಲ್ಲ ಅಂತ ಕೂತರು. ಫೆಡರೇಷನ್ ಏನು ಮಾಡ್ತು ಗೊತ್ತಾ? ಸಿಕ್ಕವರನ್ನು, ಅದರಲ್ಲೂ 13 ವರ್ಷದ ಮಗುವನ್ನು ಸೇರಿಸಿ, ಬೇರೆ ತಂಡ ಇಳಿಸಿತು. 5-0ರಲ್ಲಿ ಸೋತಿತು. ಕೊನೆಗೆ ಒಂದು ಪ್ರತಿಷ್ಠಾನ ಹಣ ಕೊಟ್ಟ ಮೇಲೆ ವಿಷಯ ಬಗೆಹರಿಯಿತು. "ದೇಶಕ್ಕಿಂತ ದುಡ್ಡು ಹೆಚ್ಚಾಯ್ತಾ" ಅಂತ ಕೇಳಿಸಿಕೊಳ್ಳಬೇಕಾಗುವ ಇದೇ ಹುಡುಗಿಯರು ಇಟಲಿಯನ್ನು 3-2ರಿಂದ ಸೋಲಿಸಿ ಮೊದಲ ಬಾರಿಗೆ ನಾಕೌಟ್ ಹಂತಕ್ಕೆ ಹೋದರು.

ಇದು ಬರೀ ಬಡ ದೇಶಗಳ ಕಥೆ ಅಂದ್ಕೋಬೇಡಿ. ಒಲಿಂಪಿಕ್ ಚಿನ್ನ ಗೆದ್ದಿದ್ದ ಕೆನಡಾ ತಂಡ 2023ರ ಫೆಬ್ರವರಿಯಲ್ಲಿ ಮುಷ್ಕರ ಹೂಡಿತ್ತು. ಅಲ್ಲಿನ ಸಂಸ್ಥೆ ಕಾನೂನು ಕ್ರಮದ ಬೆದರಿಕೆ ಹಾಕಿ ಅವರನ್ನು ಮೈದಾನಕ್ಕಿಳಿಸಿತು.

ಫಿಫಾ ಒಂದು ಒಳ್ಳೇ ಘೋಷಣೆಯನ್ನೂ ಮಾಡಿತ್ತು. ಪ್ರತಿ ಆಟಗಾರ್ತಿಗೆ ಕನಿಷ್ಠ 30 ಸಾವಿರ ಡಾಲರ್. ಟೂರ್ನಿ ಶುರುವಾಗೋ ಹಿಂದಿನ ದಿನ ಅಧ್ಯಕ್ಷರು, ಹಣ ಆಯಾ ದೇಶದ ಫೆಡರೇಷನ್ ಮೂಲಕವೇ ಹೋಗುತ್ತೆ, ಅಲ್ಲಿಂದ ಕೈಗೆ ಸೇರೋದಕ್ಕೆ ತಾವು ಖಾತ್ರಿ ಕೊಡಲಾಗದು ಎಂಬಂತೆ ಮಾತಾಡಿದರು. ಎಸ್‌ಸಿಎಸ್‌ಪಿ ಹಣ ಬಜೆಟ್ಟಿನಲ್ಲಿ ಘೋಷಣೆಯಾಗಿ ನಮ್ಮ ಕೇರಿ ತಲುಪೋದರೊಳಗೆ ಏನೇನಾಗುತ್ತೆ ಅಂತ ನೋಡಿರೋ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಇನ್ನು ಗೆದ್ದವರ ಪಾಡು. ಬಾಗಿಲು ತೆರೆದಿದೆ ಅಂದ ಎರಡೇ ದಿನಕ್ಕೆ ಸ್ಪೇನ್ ವಿಶ್ವಕಪ್ ಗೆದ್ದಿತು. ಪದಕ ಕೊಡೋ ವೇದಿಕೆಯಲ್ಲೇ ಸ್ಪೇನ್ ಫೆಡರೇಷನ್ ಅಧ್ಯಕ್ಷ ರುಬಿಯಾಲೆಸ್, ಆಟಗಾರ್ತಿ ಜೆನ್ನಿ ಎರ್ಮೊಸೊಗೆ ಅವರ ಒಪ್ಪಿಗೆ ಇಲ್ಲದೆ ಮುತ್ತಿಟ್ಟ. 2025ರಲ್ಲಿ ಕೋರ್ಟು ಅದನ್ನು ಲೈಂಗಿಕ ದೌರ್ಜನ್ಯ ಅಂತ ತೀರ್ಪು ಕೊಟ್ಟು ದಂಡ ಹಾಕಿತು. ಆತ ತಾನಾಗಿ ಕುರ್ಚಿ ಬಿಡಲಿಲ್ಲ. ಇಡೀ ತಂಡ ಆಡಲ್ಲ ಅಂತ ನಿಂತಿತು, ಆಮೇಲೆ ಬಿಟ್ಟ.

ನನ್ನ ಕೆಲಸ ಕಡತ ಮಂಡಿಸೋದು. 'ಅನುದಾನದ ಲಭ್ಯತೆಗೆ ಒಳಪಟ್ಟು ಪರಿಶೀಲಿಸಬಹುದು' ಅನ್ನೋ ವಾಕ್ಯವನ್ನು ಇಪ್ಪತ್ತು ವರ್ಷದಲ್ಲಿ ಎಷ್ಟು ಸಲ ಬರೆದಿದ್ದೀನೋ ಲೆಕ್ಕ ಇಲ್ಲ. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು. ದುಡ್ಡಿಲ್ಲ ಅಂತಲ್ಲ, ನಿಮ್ಮ ಸರದಿ ಕೊನೆಗೆ ಅಂತ. ಕೊನೆಯ ಸರದಿ ಬರೋ ಹೊತ್ತಿಗೆ ದುಡ್ಡು ಖಂಡಿತ ಖಾಲಿಯಾಗಿರುತ್ತೆ.

ನಮ್ಮ ಜಯಂತಿಯಲ್ಲೂ ಅದೇ ನಡೀತಿದೆ. ಚಂದಾ ಎತ್ತೋಕೆ ಮನೆ ಮನೆ ತಿರುಗೋರು ನಮ್ಮ ಅಕ್ಕಂದಿರು. ಅಡುಗೆ ಅವರದು, ಮೆರವಣಿಗೆಯ ಮುಂದಿನ ಸಾಲು ಅವರದು. 20 ಸಾವಿರ, ಟ್ರೋಫಿ ಮಾತ್ರ ನಮ್ಮ ಹುಡುಗರದು. 1942ರಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು, ಒಂದು ಸಮುದಾಯದ ಪ್ರಗತಿಯನ್ನು ತಾನು ಅಳೆಯೋದು ಅದರ ಹೆಂಗಸರ ಪ್ರಗತಿಯಿಂದ ಎಂದಿದ್ದರು. ಆ ಮಾತನ್ನು ಪ್ರತಿ ವರ್ಷ ಫ್ಲೆಕ್ಸ್ ಹಾಕಿಸ್ತೀವಿ. ಅದೇ ಫ್ಲೆಕ್ಸ್ ಕೆಳಗೆ ಸ್ಟೀಲ್ ಡಬ್ಬಿ ಹಂಚ್ತೀವಿ.

"ಈಗ್ಯಾಕೆ ಇದು, ಮೊದಲು ಮೀಸಲಾತಿ ಉಳೀಲಿ, ಮೊದಲು ದೌರ್ಜನ್ಯ ನಿಲ್ಲಲಿ" ಅಂತ ಕೆಲವು ಗೆಳೆಯರು ಹೇಳಬಹುದು. ಅಣ್ಣಂದಿರೇ, ಇದೂ 'ಸರಿಯಾದ ಹೋರಾಟ ಆರಿಸಿಕೊಳ್ಳಿ' ಅನ್ನೋ ಮಾತೇ. ಮೊದಲು ಸ್ವಾತಂತ್ರ್ಯ ಬರಲಿ, ಆಮೇಲೆ ನಿಮ್ಮ ವಿಷಯ ಅಂತ ನಮ್ಮ ತಾತಂದಿರಿಗೂ ಹೇಳಿದ್ದರು.

ಮುಂದಿನ ಭಾನುವಾರ ಮತ್ತೆ ಸಭೆ ಇದೆ. ನಾನು ಇಡೋ ಬೇಡಿಕೆ ಒಂದೇ. ಆ 20 ಸಾವಿರವನ್ನು ಹತ್ತು ಹತ್ತು ಮಾಡಿ, ಎರಡೂ ಪಂದ್ಯಾವಳಿಗೆ ಒಂದೇ ಅಳತೆಯ ಟ್ರೋಫಿ ತನ್ನಿ. ತಂಡ ಕಟ್ಕೊಂಡ್ ಬನ್ನಿ ಅಂತ ಹುಡುಗಿಯರ ತಲೆ ಮೇಲೆ ಹೊರಿಸೋದು ಬೇಡ. ಹುಡುಗರ ತಂಡಕ್ಕೆ ಅಂಕಣ, ಜೆರ್ಸಿ, ಓಡಾಟದ ಖರ್ಚು ಸಮಿತಿ ನೋಡ್ಕೊಳ್ಳೋ ಹಾಗೆ ಅವರದ್ದೂ ನೋಡ್ಕೊಳ್ಳಲಿ. ಮೊದಲ ವರ್ಷ ಎರಡೇ ತಂಡ ಬಂದರೂ ಸರಿ, ಆಡಿಸೋಣ.

ಬಾಗಿಲು ನಮ್ಮದು. ನೂಕೋ ಕೆಲಸವನ್ನ ಆ ಹುಡುಗಿಗೆ ಬಿಡೋದು ಬೇಡ, ಒಳಗಿರೋ ನಾವೇ ಎದ್ದು ಹೋಗಿ ತೆಗೆಯೋಣ. ಮೊನ್ನೆ ಸುಮ್ಮನೆ ತಲೆ ಆಡಿಸಿದ್ದಕ್ಕೆ ಅವಳ ಹತ್ತಿರ ಕ್ಷಮೆ ಕೇಳೋದು ಬಾಕಿ ಇದೆ, ಅದನ್ನೂ ಸಭೆಯಲ್ಲೇ ಎಲ್ಲರ ಮುಂದೆ ಕೇಳ್ತೀನಿ.

ನಿಮ್ಮೂರಿನ ಜಯಂತಿಯಲ್ಲಿ ಹೆಣ್ಣುಮಕ್ಕಳ ಆಟಕ್ಕೆ ಎಷ್ಟು ಬಹುಮಾನ ಇಟ್ಟಿದ್ದೀರಿ? ಕಮೆಂಟಿನಲ್ಲಿ ಬರೀರಿ. ಮಹಿಳಾ ಕಬಡ್ಡಿಗೆ ತೀರ್ಪುಗಾರರಾಗಿ ಬರೋ ಅಕ್ಕಂದಿರು ಯಾರಾದರೂ ಇದ್ದರೆ ಅದನ್ನೂ ತಿಳಿಸಿ.

ಜೈ ಭೀಮ್.