ಎಫ್‌ಡಿ ಮುರಿದರೆ ಬಡ್ಡಿ ಕಡಿತ, ಶಾಸಕಗಿರಿ ಮುರಿದರೆ ಮಂತ್ರಿಗಿರಿ

ಜವಳಗಿರಿಯ ನಾವು ಓಟು ಹಾಕೋದು ತಮಿಳುನಾಡಿನ ತಳಿ ಕ್ಷೇತ್ರದಲ್ಲಿ, ಟಿವಿಯಲ್ಲಿ ಸುದ್ದಿ ನೋಡೋದು ಬೆಂಗಳೂರಿನದು. ಹಾಗಾಗಿ ಪಕ್ಷಾಂತರ ನಿಷೇಧ ಕಾಯ್ದೆಯ ಅವಸ್ಥೆಯನ್ನು ಎರಡೂ ಕಡೆ ಕಂಡಿದ್ದೇವೆ.

2019ರ ಜುಲೈನಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು. 2023ರವರೆಗೆ ಚುನಾವಣೆಗೇ ನಿಲ್ಲುವಂತಿಲ್ಲ ಅಂತ ಸ್ಪೀಕರ್ ರಮೇಶ್ ಕುಮಾರ್ ಆದೇಶ. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಆ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು. ಡಿಸೆಂಬರ್‌ನಲ್ಲಿ ಉಪಚುನಾವಣೆ, 2020ರ ಫೆಬ್ರವರಿ 6ಕ್ಕೆ ಅವರಲ್ಲೇ 10 ಮಂದಿ ಮಂತ್ರಿಗಳು! ಹೊಸಕೋಟೆಯ ಜನ ಎಂ.ಟಿ.ಬಿ. ನಾಗರಾಜ್ ಅವರನ್ನು ಸೋಲಿಸಿದರು. ಏನು ಪ್ರಯೋಜನ? ಅವರು ವಿಧಾನ ಪರಿಷತ್ತಿನ ಮೂಲಕ ಬಂದು 2021ರಲ್ಲಿ ಮಂತ್ರಿಯಾದರು. ಅವಧಿಗೆ ಮುಂಚೆ ಎಫ್‌ಡಿ ಮುರಿಸೋಕೆ ಬಂದ ರೈತನಿಗೆ ಬಡ್ಡಿ ಕಡಿತ ಮಾಡಿ ಕಳಿಸುವ ಬ್ಯಾಂಕಿನ ನಮ್ಮಂಥವರಿಗೆ ಈ ಲೆಕ್ಕ ಅರ್ಥವೇ ಆಗಲ್ಲ.

ನಮ್ಮ ರಾಜ್ಯದ ಕಥೆ ಇನ್ನೊಂದು ಥರ. 2017ರ ಫೆಬ್ರವರಿ 18ರಂದು ಪನ್ನೀರ್‌ಸೆಲ್ವಂ ಸೇರಿ ಅಣ್ಣಾ ಡಿಎಂಕೆಯ 11 ಶಾಸಕರು ವಿಶ್ವಾಸಮತದಲ್ಲಿ ತಮ್ಮದೇ ಪಕ್ಷದ ಸರ್ಕಾರದ ವಿರುದ್ಧ ಮತ ಹಾಕಿದರು. ಯಾರ ಸ್ಥಾನವೂ ಹೋಗಲಿಲ್ಲ, ಪನ್ನೀರ್‌ಸೆಲ್ವಂ ಉಪಮುಖ್ಯಮಂತ್ರಿಯೇ ಆದರು. ಆಮೇಲೆ ಮುಖ್ಯಮಂತ್ರಿ ಮೇಲೆ ನಂಬಿಕೆ ಇಲ್ಲ ಅಂತ ರಾಜ್ಯಪಾಲರಿಗೆ ಪತ್ರ ಕೊಟ್ಟ 18 ಮಂದಿಯನ್ನು ಸ್ಪೀಕರ್ ಧನಪಾಲ್ ತಿಂಗಳೊಳಗೆ ಮನೆಗೆ ಕಳಿಸಿದರು. ಪಕ್ಕದ ಧರ್ಮಪುರಿ ಜಿಲ್ಲೆಯ ಹರೂರು, ಪಾಪಿರೆಡ್ಡಿಪಟ್ಟಿ ಜನಕ್ಕೆ 2019ರವರೆಗೆ ಶಾಸಕರೇ ಇಲ್ಲ. ಸ್ಪೀಕರ್ ಕೂಡ ಒಂದು ಪಕ್ಷದಿಂದಲೇ ಗೆದ್ದು ಬಂದವರು ತಾನೇ? ಇಂಥ ದೂರುಗಳನ್ನು ಮೂರು ತಿಂಗಳಲ್ಲಿ ಮುಗಿಸಿ ಅಂತ ಮಣಿಪುರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಕಾಯ್ದೆಯಲ್ಲಿ ಮಾತ್ರ ಗಡುವು ಬರೆದಿಲ್ಲ.

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದಕ್ಕಿಂತ ದೊಡ್ಡ ಸಂಕಟ ವಿಪ್‌ನದು. 2006ರ ತಮಿಳು ಕಲಿಕೆ ಕಾಯ್ದೆ ನಮ್ಮ ಕನ್ನಡ ಶಾಲೆಯ ಮಕ್ಕಳ ಮೇಲೂ ಬಂತು. ಅಂಥ ಮಸೂದೆ ನಾಳೆ ಮತ್ತೆ ಬಂತು ಅನ್ನಿ. ನಮ್ಮ ಶಾಸಕರು ಪಕ್ಷದ ವಿಪ್ ಮೀರಿ ನಮ್ಮ ಪರ ಮತ ಹಾಕಿದರೆ ಅವರ ಸ್ಥಾನಕ್ಕೇ ಕುತ್ತು! ರಾಜೀನಾಮೆ ಕೊಟ್ಟು ಪಕ್ಷ ಬದಲಿಸಿದವನಿಗೆ ಮಂತ್ರಿ ಕುರ್ಚಿ, ಊರ ಮಾತಾಡಿದವನಿಗೆ ಅನರ್ಹತೆ. ಸರ್ಕಾರ ಉಳಿಯುವ ಅಥವಾ ಬೀಳುವ ಮತಕ್ಕೆ ಮಾತ್ರ ಈ ಶಿಕ್ಷೆ ಇರಲಿ ಅಂತ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು.

ಮುಂದಿನ ಸಲ ಓಟು ಕೇಳಲು ಬರುವವರನ್ನು ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳೋಣ: ಕನ್ನಡ ಶಾಲೆಯ ವಿಷಯಕ್ಕೆ ವಿಪ್ ಬಂದರೆ ಏನು ಮಾಡ್ತೀರಿ ಸ್ವಾಮಿ?