ದೊಡ್ಡ ನುಡಿ, ಎಲ್ಲರ ನುಡಿ

ಈ ಸಂಚಿಕೆಯಲ್ಲಿ ಒಡಿಯಾದ ಒಂದು ಕಥೆಯೂ ಇಂಡೊನೇಷ್ಯಾದ ಒಂದು ಕಥೆಯೂ ಅಕ್ಕಪಕ್ಕ ಕೂತಿವೆ. ಇವೆರಡಕ್ಕೆ ಏನು ನಂಟು ಎಂದರೆ ಸಿದ್ಧ ಉತ್ತರವೊಂದಿದೆ: ಕಟಕ್‌ನ ಬಾಲಿಯಾತ್ರೆ. ಕಾರ್ತಿಕ ಹುಣ್ಣಿಮೆಗೆ ಮಹಾನದಿಯಲ್ಲಿ ಪುಟ್ಟ ದೋಣಿಗಳಿಗೆ ದೀಪವಿಟ್ಟು ತೇಲಿಬಿಡುತ್ತಾರೆ. ಬಾಲಿ, ಜಾವಾ, ಸುಮಾತ್ರಗಳಿಗೆ ಹೊರಟ ಕಳಿಂಗದ ವರ್ತಕರ ನೆನಪು ಅದು. ಅಲ್ಲಿಂದ ಮುಂದೆ ಇಂಡೊನೇಷ್ಯನ್ ನಿಘಂಟು ತೆರೆದು ಗುರು, ರಾಜ, ಬುಮಿ, ಸುರ್ಗ, ನೆರಕ ಎಂದು ಪಟ್ಟಿ ಮಾಡಿ, ಎಲ್ಲ ನಮ್ಮಿಂದಲೇ ಹೋದದ್ದು ಎಂದು ಬೀಗುವುದು ವಾಡಿಕೆ.

ಈ ಬೀಗುವಿಕೆಯಲ್ಲಿ ನನಗೆ ರುಚಿಯಿಲ್ಲ. ಬೋರ್ನಿಯೋ ದ್ವೀಪದ ಕುತಾಯಿಯಲ್ಲಿ ಮೂಲವರ್ಮನೆಂಬ ಅರಸ ಸುಮಾರು ಕ್ರಿ.ಶ. 400ರ ಹೊತ್ತಿಗೆ ನೆಡಿಸಿದ ಯೂಪಸ್ತಂಭಗಳ ಭಾಷೆ ಸಂಸ್ಕೃತ, ಲಿಪಿ ಪಲ್ಲವರದು. ಸುಮಾತ್ರದ ಕೆಡುಕಾನ್ ಬುಕಿತ್‌ನಲ್ಲಿ ಸಿಕ್ಕ 682ರ ಹಳೆಯ ಮಲಯ ಶಾಸನದ ಲಿಪಿಯೂ ಅದೇ ಬಳ್ಳಿಯದು. ಹಡಗಿಗೆ ಅವರು ಹೇಳುವ ‘ಕಪಾಲ್’ ತಮಿಳಿನದು. ಆ ಕಡಲಿನಲ್ಲಿ ಓಡಾಡಿದವರು ಒಂದೇ ಊರಿನವರಲ್ಲ ಎನ್ನಲು ಇಷ್ಟು ಸಾಕು. ಹೋದ ಮಾತುಗಳೂ ಹೋದಂತೆಯೇ ಉಳಿದಿಲ್ಲ. ಉಪವಾಸ ಅಲ್ಲಿ ‘ಪುವಾಸ’ ಆಗಿ ರಂಜಾನ್ ತಿಂಗಳ ವ್ರತಕ್ಕೆ ಸಲ್ಲುತ್ತದೆ. ‘ದೆಸ’ ಎಂದರೆ ದೇಶವಲ್ಲ, ಹಳ್ಳಿ.

ಪದಗಳನ್ನು ಬದಿಗಿಟ್ಟು ವ್ಯಾಕರಣಕ್ಕೆ ಬಂದರೆ ಸೋಜಿಗ ಹೆಚ್ಚು. ಒಡಿಯಾ ಇಂಡೋ-ಆರ್ಯನ್ ಕುಟುಂಬದ ನುಡಿ, ಇಂಡೊನೇಷ್ಯನ್ ಆಸ್ಟ್ರೊನೇಷ್ಯನ್ ಕುಟುಂಬದ್ದು, ರಕ್ತಸಂಬಂಧವಿಲ್ಲ. ಆದರೂ ಒಡಿಯಾದ ‘ಸೇ’ ಅವನಿಗೂ ಆಯಿತು, ಅವಳಿಗೂ ಆಯಿತು. ಇಂಡೊನೇಷ್ಯನ್ನಿನ ‘ದಿಯ’ ಕೂಡ ಹಾಗೆಯೇ. ಹೋದವರು ಗಂಡೋ ಹೆಣ್ಣೋ ಎಂದು ಎರಡರಲ್ಲೂ ಕ್ರಿಯಾಪದ ಹೇಳುವುದಿಲ್ಲ. ಎಣಿಸುವಾಗ ಎರಡರಲ್ಲೂ ಸಂಖ್ಯೆಯ ಜೊತೆಗೊಂದು ಆಸರೆ ಬರುವುದುಂಟು: ಒಡಿಯಾದಲ್ಲಿ ಮನುಷ್ಯರಿಗೆ ‘ಜಣ’, ವಸ್ತುವಿಗೆ ‘ಟಿ’, ‘ಟಾ’, ಇಂಡೊನೇಷ್ಯನ್ನಿನಲ್ಲಿ ಮನುಷ್ಯರಿಗೆ ‘ಒರಾಂಗ್’, ಪ್ರಾಣಿಗೆ ‘ಎಕೊರ್’, ವಸ್ತುವಿಗೆ ‘ಬುವಾಹ್’. ‘ಎಕೊರ್’ ಎಂದರೆ ಬಾಲ. ಕೋಳಿ ಕುರಿಗಳನ್ನು ಅವರು ಬಾಲದ ಲೆಕ್ಕದಲ್ಲಿ ಎಣಿಸುತ್ತಾರೆ.

ಬೇರೆಯಾಗುವುದು ಕ್ರಿಯಾಪದದಲ್ಲಿ. ಒಡಿಯಾ ಕ್ರಿಯಾಪದ ನಮ್ಮದರಂತೆ ಕಾಲ, ಪುರುಷ, ಗೌರವ ಎಲ್ಲವನ್ನೂ ಹೊರುತ್ತದೆ. ಇಂಡೊನೇಷ್ಯನ್ ಕ್ರಿಯಾಪದ ನಾನು ಹೋದರೂ ನೀವು ಹೋದರೂ ನಿನ್ನೆ ಹೋದರೂ ಒಂದೇ: ‘ಪೆರ್ಗಿ’. ಅದಕ್ಕೆ ಬದಲಾಗಿ ಅಲ್ಲಿ ‘ನಾವು’ ಎರಡಿವೆ. ಕೇಳುವವರನ್ನೂ ಸೇರಿಸಿಕೊಂಡರೆ ‘ಕಿತ’, ಬಿಟ್ಟರೆ ‘ಕಾಮಿ’. ತಮಿಳು ತೆಲುಗುಗಳಲ್ಲಿ ಈ ಭೇದ ಇನ್ನೂ ಜೀವಂತ. ನಮ್ಮ ಇಂದಿನ ಕನ್ನಡದಲ್ಲಿಲ್ಲ.

ನಾನು ಹೇಳಹೊರಟದ್ದು ಇದಲ್ಲ. ಈ ಎರಡು ನುಡಿಗಳು ತಮ್ಮ ಜಾಗ ಪಡೆದ ಬಗೆ ಒಂದಕ್ಕೊಂದು ತದ್ವಿರುದ್ಧ, ಮತ್ತು ಆ ಕಥೆ ನಮಗೆ ತೀರ ಹತ್ತಿರದ್ದು.

1870ರಲ್ಲಿ ಬಾಲೇಶ್ವರದ ಶಾಲೆಯೊಂದರ ಪಂಡಿತ ಕಾಂತಿಚಂದ್ರ ಭಟ್ಟಾಚಾರ್ಯ, ಒಡಿಯಾ ಸ್ವತಂತ್ರ ಭಾಷೆಯೇ ಅಲ್ಲವೆಂದು ಬಂಗಾಳಿಯಲ್ಲಿ ಪುಸ್ತಿಕೆ ಬರೆದ. ಶಾಲೆಗಳಲ್ಲಿ ಒಡಿಯಾದ ಬದಲು ಬಂಗಾಳಿ ತರುವ ಮಾತು ನಡೆದಿದ್ದ ಕಾಲ ಅದು. ಅದೇ ಬಾಲೇಶ್ವರದಲ್ಲಿ ಫಕೀರ ಮೋಹನ ಸೇನಾಪತಿ ಅಚ್ಚುಕೂಟ ಹಾಕಿ, ಪಠ್ಯ ಬರೆದು, ಕೊನೆಗೆ ಕಾದಂಬರಿಯನ್ನೂ ಬರೆದರು. ‘ಛ ಮಾಣ ಆಠ ಗುಂಠ’ 1897ರಿಂದ ‘ಉತ್ಕಲ ಸಾಹಿತ್ಯ’ ಪತ್ರಿಕೆಯಲ್ಲಿ ಧಾರಾವಾಹಿಯಾಯಿತು. ಆರು ಮಾಣ ಎಂಟು ಗುಂಟೆ ಹೊಲಕ್ಕಾಗಿ ನೇಕಾರ ದಂಪತಿಯನ್ನು ಜಮೀನ್ದಾರ ಮಂಗರಾಜ ಹಾಳುಮಾಡುವ ಕಥೆ. ಗುಂಟೆ ನಮಗೂ ಗೊತ್ತು. ನಮ್ಮಲ್ಲಿ ಎಕರೆಗೆ 40, ಅಲ್ಲಿ 25. ಸಂತೆಯ ಮಾತನ್ನೇ ಗದ್ಯ ಮಾಡಿದ ಆ ಬರವಣಿಗೆ ಭಟ್ಟಾಚಾರ್ಯರಿಗೆ ಯಾವ ವಾದಕ್ಕಿಂತಲೂ ಗಟ್ಟಿಯಾದ ಉತ್ತರ. ಮಧುಸೂದನ ದಾಸ್ 1903ರಲ್ಲಿ ಒಡಿಯಾ ನುಡಿಗರ ಸಂಘಟನೆ ಉತ್ಕಲ ಸಮ್ಮಿಳನಿ ಕಟ್ಟಿದರು. 1936ರ ಏಪ್ರಿಲ್ 1ರಂದು ಭಾಷೆಯ ಆಧಾರದ ಮೇಲೆ ಒಡಿಶಾ ಪ್ರಾಂತ್ಯ ಬಂತು, ನಮ್ಮ ಏಕೀಕರಣಕ್ಕೆ 20 ವರ್ಷ ಮೊದಲು.

ಇತ್ತ ಬಟಾವಿಯಾದಲ್ಲಿ (ಇಂದಿನ ಜಕಾರ್ತಾ) 1928ರ ಅಕ್ಟೋಬರ್ 28ರಂದು ಸೇರಿದ ಯುವಕರು ಪ್ರತಿಜ್ಞೆ ಮಾಡಿದರು. ನಾಡು ಒಂದು, ಜನಾಂಗ ಒಂದು ಎಂದವರು ನುಡಿಯ ವಿಷಯಕ್ಕೆ ಬಂದಾಗ ಮಾತ್ರ ‘ಒಂದು’ ಎನ್ನದೆ, ಒಗ್ಗಟ್ಟಿನ ಭಾಷೆಯನ್ನು ಎತ್ತಿಹಿಡಿಯುತ್ತೇವೆ ಎಂದರು. ಅವರು ಆರಿಸಿದ್ದು ಜಾವಾನೀಸ್ ಅಲ್ಲ. ದೇಶದ ಅತಿ ಹೆಚ್ಚು ಜನರ ತಾಯಿನುಡಿ ಅದು, ಸಾವಿರ ವರ್ಷದ ಕಾವ್ಯ ಅದರ ಬೆನ್ನಿಗಿತ್ತು. ಆದರೂ ಬಂದರು ಪೇಟೆಗಳ ಮಲಯವನ್ನು, ತೀರ ಕಡಿಮೆ ಜನರ ಮನೆಮಾತನ್ನು, ಎಲ್ಲರ ನುಡಿ ಮಾಡಿದರು. ಇದಕ್ಕೆ ಜಾವಾನೀಸರೇ ಒಪ್ಪಿದ್ದು ದೊಡ್ಡ ಮಾತು. ಅದಕ್ಕೊಂದು ಕಾರಣವೂ ಇತ್ತು: ಹಿರಿಯರಿಗೆ ಒಂದು ಮಾತು, ಕಿರಿಯರಿಗೆ ಇನ್ನೊಂದು ಎಂಬ ಮೆಟ್ಟಿಲುಗಳು ಜಾವಾನೀಸಿನಲ್ಲಿ ಕಟ್ಟುನಿಟ್ಟು. ಬ್ಲೋರಾದಲ್ಲಿ ಹುಟ್ಟಿದ ಜಾವಾದ ಮಗ ಪ್ರಮುದ್ಯ ಅನಂತ ತುರ್ ಬುರು ದ್ವೀಪದ ಸೆರೆಯಲ್ಲಿ ಜೊತೆಕೈದಿಗಳಿಗೆ ಬಾಯಲ್ಲೇ ಹೇಳಿ, ಆಮೇಲೆ ಬರೆದ ‘ಬುಮಿ ಮನುಸಿಯ’ (1980) ಕಾದಂಬರಿಯ ನಾಯಕ ಅಪ್ಪನ ಮುಂದೆ ತೆವಳಿಕೊಂಡು ಹೋಗಬೇಕಾಗಿ ಬಂದಾಗ ಕುದಿಯುತ್ತಾನೆ. ಪ್ರಮುದ್ಯ ಬರೆದದ್ದು ತಾಯಿನುಡಿಯಲ್ಲಲ್ಲ, ಇಂಡೊನೇಷ್ಯನ್ನಿನಲ್ಲಿ. ಫಕೀರ ಮೋಹನರಿಗೆ ಬಿಡುಗಡೆ ತಾಯಿನುಡಿಯಲ್ಲಿ ಸಿಕ್ಕಿತು, ಪ್ರಮುದ್ಯರಿಗೆ ಅದರ ಹೊರಗೆ.

ನಮ್ಮಲ್ಲಿ ‘ಇಂಡೊನೇಷ್ಯಾಕ್ಕೂ ಒಂದು ರಾಷ್ಟ್ರಭಾಷೆ ಇದೆ, ನಮಗೇಕೆ ಬೇಡ’ ಎಂದು ಹಿಂದಿಯ ಪರವಾಗಿ ಕೇಳುವವರಿದ್ದಾರೆ. ಅವರು ಜಾವಾನೀಸನ್ನು ಮರೆಯುತ್ತಾರೆ. ಅತಿ ದೊಡ್ಡ ನುಡಿಯವರು ತಮ್ಮ ನುಡಿಯನ್ನು ಉಳಿದವರ ಮೇಲೆ ಹೇರದೆ ಹಿಂದೆ ಸರಿದದ್ದರಿಂದ ಕೂಡಿಬಂದ ಒಪ್ಪಂದ ಅದು. ದೊಡ್ಡ ನುಡಿ ಪಕ್ಕದ ನುಡಿಯನ್ನು ತನ್ನ ಉಪಭಾಷೆ ಎಂದಾಗ ಏನಾಗುತ್ತದೆ ಎಂಬುದಕ್ಕೆ ಬಾಲೇಶ್ವರವೇ ಸಾಕ್ಷಿ. ಇಂಡೊನೇಷ್ಯಾವನ್ನು ಹಿಂದಿಯ ಪರ ಸಾಕ್ಷಿಯಾಗಿ ಕರೆದರೆ ಅದು ಎದುರು ಪಕ್ಷಕ್ಕೇ ಸಾಕ್ಷಿ ನುಡಿಯುತ್ತದೆ.

ಹಾಗೆಂದು ಎರಡೂ ಕಡೆ ಎಲ್ಲವೂ ಸರಿಯಾಗಿಲ್ಲ. 700ಕ್ಕೂ ಹೆಚ್ಚು ನುಡಿಗಳ ಆ ದ್ವೀಪಗಳಲ್ಲಿ ಮಕ್ಕಳು ಮನೆಯಲ್ಲೂ ಇಂಡೊನೇಷ್ಯನ್ನಿಗೆ ಹೊರಳುತ್ತಿದ್ದಾರೆ. ಜಾವಾನೀಸಿಗೂ ಆ ಬಿಸಿ ತಟ್ಟಿದೆ. ಇತ್ತ ಬಂಗಾಳಿಯ ನೆರಳಿನಿಂದ ತಪ್ಪಿಸಿಕೊಂಡ ಒಡಿಯಾ, ಕಂಧಮಾಳದ ಕುಯಿ ಜನರಿಗೆ ತಾನೇ ದೊಡ್ಡ ನುಡಿ. ಕುಯಿ ನಮ್ಮ ದ್ರಾವಿಡ ಬಳಗದ್ದು, ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ತುಳು ಕೊಡವಗಳ ಮುಂದೆ ಕನ್ನಡ ನಿಂತಿರುವುದೂ ಇದೇ ಜಾಗದಲ್ಲಿ.

ಈ ಸಂಚಿಕೆಯ ಎರಡೂ ಕಥೆಗಳು ಇಂಗ್ಲಿಷಿನ ಮೂಲಕ ಬಂದವು. ಇಂಡೊನೇಷ್ಯನ್ ಬಲ್ಲ ಕನ್ನಡಿಗರು ಬೆರಳೆಣಿಕೆಯಷ್ಟು ಇರಬಹುದು, ಸರಿ. ಆದರೆ ಬೆಂಗಳೂರಿನಲ್ಲಿ ಕನ್ನಡ ಕಲಿತ ಒಡಿಯರಿಗೆ ಬರವಿಲ್ಲ. ಅವರಲ್ಲಿ ಯಾರಿಗಾದರೂ ನೇರವಾಗಿ ಒಡಿಯಾದಿಂದ ಕನ್ನಡಕ್ಕೆ ತರುವ ಮನಸ್ಸಿದ್ದರೆ ದಯವಿಟ್ಟು ನಮಗೆ ಬರೆಯಿರಿ. ಕನ್ನಡ ತಪ್ಪಿದರೆ ನಾವು ತಿದ್ದಿಕೊಳ್ಳುತ್ತೇವೆ.